ತ್ಯಜಿಸಿದ ಹಣ್ಣು ಯಾರ ಪಾಲು?

ಶೃಂಗೇರಿ ಸೀಮೆಯ ಸಿರಿಮನೆಯ ಸುತ್ತಮುತ್ತ ಹಿತ್ತಿಲು ಎಲ್ಲಿ ಮುಗಿದು ಕಾಡು ಎಲ್ಲಿ ಆರಂಭವಾಗುತ್ತದೆಂದು ಹೇಳುವುದು ಕಷ್ಟ. ಅಡಿಕೆ, ಕಾಫಿ, ಮೆಣಸಿನ ನಡುವೆ ನಿಂತ ಅತ್ತಿಯ ಮರವೊಂದು ಹಣ್ಣುಬಿಟ್ಟರೆ ಪಿಕಳಾರ, ಕುಟ್ರುಹಕ್ಕಿ, ಮಂಗಟ್ಟೆಗಳು ಕರೆಯದೆ ಬರುತ್ತವೆ. ಈ ಅತಿಥಿಗಳ ವಿಷಯದಲ್ಲಿ ಶ್ರಾವಕನ ಕರ್ತವ್ಯವೇನು? ಹಿಡಿ ಕಾಳು ಚೆಲ್ಲಿದರೆ ಅದು ಮುಗಿಯಿತೆ?

ಮುಗಿಯಿತೆಂದೇ ಹಲವರ ನಂಬಿಕೆ. 2025ರಲ್ಲಿ ಮುಂಬಯಿಯ ದಾದರ್ ಕಬೂತರ್‌ಖಾನೆಯನ್ನು ಮುಚ್ಚಿದಾಗ ಸಮಾಜದ ಅನೇಕರು ಬೀದಿಗಿಳಿದರು. ಪಾರಿವಾಳದ ಕಾಳಿಗಾಗಿ ಎದ್ದ ಆ ಧ್ವನಿ ಮಲೆನಾಡಿನ ತೋಟದಲ್ಲಿ ಹಣ್ಣಿನ ಮರ ಉರುಳುವಾಗ ಏಕೆ ಏಳುವುದಿಲ್ಲ? ಮಂಗಟ್ಟೆಗೆ ಕಾಳು ಆಹಾರವಲ್ಲ. ಅದರ ಅನ್ನಸತ್ರ ಅತ್ತಿ, ಆಲ, ಬಸರಿಗಳೇ. ಬೇರೆ ಮರಗಳು ಬರಿದಾದ ತಿಂಗಳುಗಳಲ್ಲಿಯೂ ಈ ಜಾತಿಯ ಯಾವುದಾದರೊಂದು ಮರದಲ್ಲಿ ಹಣ್ಣಿರುತ್ತದೆ.

ತೋಟದೊಡೆಯರ ಆಕ್ಷೇಪ ಹೀಗೆ: ಪಂಚೋದುಂಬರ ಫಲಗಳು ನಮಗೆ ವರ್ಜ್ಯ; ಹಣ್ಣು ತಿನ್ನದವನಿಗೆ ಮರವೇಕೆ? ಅದನ್ನು ಕಡಿದು ಸಿಲ್ವರ್ ಓಕ್ ನೆಟ್ಟರೆ ಮೆಣಸಿನ ಬಳ್ಳಿಗೆ ಆಸರೆ, ಮುಂದೆ ಮರಕ್ಕೂ ಬೆಲೆ. ಇದು ವ್ರತವನ್ನು ತಲೆಕೆಳಗು ಮಾಡುವ ತರ್ಕ. ಪೂರ್ವಾಚಾರ್ಯರು ಆ ಹಣ್ಣನ್ನು ಬಿಡಿಸಿದ್ದು ಅದರೊಳಗಿನ ಸೂಕ್ಷ್ಮಜೀವಿಗಳ ಮೇಲಿನ ದಯೆಯಿಂದ. ಜೀವದಯೆಗಾಗಿ ಬಿಟ್ಟ ಹಣ್ಣಿನ ಮರವನ್ನೇ ಕಡಿದು ಹತ್ತಾರು ಪಕ್ಷಿಗಳನ್ನು ಉಪವಾಸ ಕೆಡವಿದರೆ ಆ ತ್ಯಾಗದಲ್ಲಿ ಉಳಿದದ್ದೇನು? ಶ್ರಾವಕನು ತ್ಯಜಿಸಿದ್ದು ಹಕ್ಕಿಯ ಪಾಲು.

ಅಹಿಂಸಾಣುವ್ರತದ ಐದು ಅತಿಚಾರಗಳನ್ನು ತತ್ತ್ವಾರ್ಥಸೂತ್ರ ಹೆಸರಿಸುತ್ತದೆ: ಬಂಧ, ವಧ, ಛೇದ, ಅತಿಭಾರಾರೋಪಣ, ಅನ್ನಪಾನನಿರೋಧ. ಇವು ಸಾಕಿದ ಪಶುಗಳಿಗೆ ಸಂಬಂಧಿಸಿದವು, ಕಾಡುಹಕ್ಕಿಗಲ್ಲ ಎನ್ನುವವರಿದ್ದಾರೆ. ಅಜ್ಜನ ಕಾಲದಿಂದ ತನ್ನ ನೆಲದಲ್ಲಿ ಉಣ್ಣುತ್ತ ಬಂದ ಜೀವಿಯ ಅನ್ನವನ್ನು ಕಿತ್ತುಕೊಳ್ಳುವುದು ನಿರೋಧವಲ್ಲದಿದ್ದರೆ ಮತ್ತೇನು? ಹೆಣ್ಣು ಮಂಗಟ್ಟೆ ಮರದ ಪೊಟರೆಯೊಳಗೆ ತನ್ನನ್ನು ತಾನೇ ಮುಚ್ಚಿಕೊಂಡು ಮರಿಮಾಡುತ್ತದೆ. ಸಣ್ಣ ಬಿರುಕಿನಿಂದ ಗಂಡು ತಂದುಕೊಡುವ ಆಹಾರವೇ ಅದರ ಜೀವಾಧಾರ. ಆಗ ಆ ಮರಕ್ಕೆ ಕೊಡಲಿ ಬಿದ್ದರೆ ವಧ, ಛೇದಗಳೂ ಲೆಕ್ಕಕ್ಕೆ ಸೇರುತ್ತವೆ. ಇನ್ನು ಗಿಳಿಯನ್ನು ಪಂಜರದಲ್ಲಿಟ್ಟು ದಾಳಿಂಬೆ ತಿನ್ನಿಸುವುದು ಬಂಧವೇ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅದು ಅಪರಾಧವೂ ಹೌದು.

ಕೃಷಿಯಲ್ಲಿ ಉದ್ಯೋಗೀ ಹಿಂಸೆ ಅನಿವಾರ್ಯವೆಂಬುದು ಕೊನೆಯ ಸಮಾಧಾನ. ಗೃಹಸ್ಥನಿಗೆ ಆ ವಿನಾಯಿತಿ ಇದೆ. ಆದರೆ ಅದು ಅನಿವಾರ್ಯಕ್ಕೆ ಮಾತ್ರ, ಲಾಭದ ಆತುರಕ್ಕಲ್ಲ. ಬೇಲಿಯಂಚಿನ ಒಂದು ಅತ್ತಿಯಿಂದ ಯಾವ ತೋಟವೂ ದಿವಾಳಿಯಾಗದು. ಹಕ್ಕಿ ಹುಳು ತಿನ್ನುತ್ತದೆ, ಅದನ್ನು ಪೋಷಿಸಿದರೆ ಹಿಂಸೆಯಲ್ಲವೆ ಎಂದು ಕೇಳುವವರಿಗೂ ಉತ್ತರ ಸರಳ: ಹಕ್ಕಿಯ ಕೊಕ್ಕಿಗೆ ಶ್ರಾವಕನು ಹೊಣೆಯಲ್ಲ, ತನ್ನ ಕೊಡಲಿಗೆ ಹೊಣೆ.

ನರಸಿಂಹರಾಜಪುರದ ಸಿಂಹನಗದ್ದೆಗೆ ಬಂದು ಜ್ವಾಲಾಮಾಲಿನಿಗೆ ಕೈಮುಗಿಯುವ ತೋಟದೊಡೆಯರೂ, ಬಸದಿಗಳ ಭೂಮಿಯನ್ನು ನೋಡಿಕೊಳ್ಳುವ ಆಡಳಿತ ಮಂಡಳಿಗಳೂ ಇಷ್ಟನ್ನು ನಿಯಮವಾಗಿ ಕೈಗೊಳ್ಳಲಿ: ಉದುಂಬರ ಜಾತಿಯ ಮರವನ್ನೂ ಪೊಟರೆಯುಳ್ಳ ಮರವನ್ನೂ ಕಡಿಯುವುದಿಲ್ಲ. ದಾನದ ಫಲಕದಲ್ಲಿ ಈ ಮರಗಳ ಹೆಸರು ಬರುವುದಿಲ್ಲ, ನಿಜ. ಆದರೆ ಜೀವದಯೆಯ ಜಮಾ-ಖರ್ಚು ಬರೆಯುವಾಗ ಜಮೆಯ ಕಡೆ ಮೊದಲು ಬರುವುದು ಚೆಲ್ಲಿದ ಕಾಳಲ್ಲ, ಉಳಿಸಿದ ಮರ.