ಗಲ್ಫ್‌ನಲ್ಲಿ ಯಾರೂ ಇಲ್ಲದ ಮನೆಗೂ ಗಲ್ಫ್ ಹಣ ತಲುಪಬೇಕು

ಗಲ್ಫ್ ಹಣದ ಬಗ್ಗೆ ನಮ್ಮಲ್ಲಿ ಎರಡು ಮಾತು ಯಾವಾಗಲೂ ಕೇಳುತ್ತದೆ. ಅದೆಲ್ಲ ದೊಡ್ಡ ಮನೆಗೂ ಮದುವೆಗೂ ಖರ್ಚಾಯಿತು ಎಂಬ ದೂರು ಒಂದು. ಅದಿಲ್ಲದಿದ್ದರೆ ಈ ಊರೇ ಇರುತ್ತಿರಲಿಲ್ಲ ಎಂಬ ಹೊಗಳಿಕೆ ಇನ್ನೊಂದು. ಬೆಳ್ಳೂರಿನಲ್ಲಿ ಉಪ್ಪನ ದಿನಸಿ ಅಂಗಡಿಯಲ್ಲಿ ಅಕ್ಕಿ ತೂಗುತ್ತಾ ಬೆಳೆದ ನನಗೆ ಎರಡೂ ಅರ್ಧ ಸತ್ಯವೆಂದೇ ಕಾಣುತ್ತದೆ. ಆ ಹಣ ಬಡವರ ಕೈ ಹಿಡಿದಿದೆ, ನಿಜ. ಆದರೆ ಎಲ್ಲರಿಗಿಂತ ಬಡವರಾದವರ ಮನೆಗೆ ಅದು ನೇರವಾಗಿ ಬಂದಿಲ್ಲ, ಸುತ್ತಿ ಬಳಸಿ ಬಂದಿದೆ.

ಹಣ ಎಷ್ಟು ದೊಡ್ಡದು ಎಂದು ಮೊದಲು ನೋಡೋಣ. 1998ರಲ್ಲಿ ಶುರುವಾದ ಕೇರಳ ವಲಸೆ ಸಮೀಕ್ಷೆಯ ಪ್ರಕಾರ, ಹೊರದೇಶದಿಂದ ರಾಜ್ಯಕ್ಕೆ ಬಂದ ಹಣ 2018ರಲ್ಲಿ ಸುಮಾರು 85 ಸಾವಿರ ಕೋಟಿ ರೂಪಾಯಿ. 2023ರಲ್ಲಿ ಅದು 2.16 ಲಕ್ಷ ಕೋಟಿ. ಹೊರಗಿರುವವರ ಸಂಖ್ಯೆ ಮಾತ್ರ ಅಷ್ಟೇನೂ ಏರಿಲ್ಲ, ಸುಮಾರು 22 ಲಕ್ಷ. ಕೊರೋನಾ ಕಾಲದಲ್ಲಿ ಹಣ ಬರುವುದು ನಿಂತೇ ಹೋಗುತ್ತದೆ ಎಂದು ಹಲವರು ಹೆದರಿದ್ದರು. ವಿಶ್ವಬ್ಯಾಂಕಿನ ಲೆಕ್ಕದಲ್ಲಿ 2020ರಲ್ಲಿ ಭಾರತಕ್ಕೆ ಬಂದದ್ದು 83 ಬಿಲಿಯನ್ ಡಾಲರ್, ಹಿಂದಿನ ವರ್ಷಕ್ಕಿಂತ ತೀರಾ ಅಲ್ಪ ಕಡಿಮೆ. ಕಷ್ಟ ಬಂದಾಗ ಬಂಡವಾಳ ಹೂಡಿದವನು ಹಣ ವಾಪಸ್ ತೆಗೆಯುತ್ತಾನೆ. ಮಗ ಹೊಟ್ಟೆ ಕಟ್ಟಿಯಾದರೂ ಉಮ್ಮನಿಗೆ ಕಳಿಸುತ್ತಾನೆ.

ಆದರೆ ಆ ಮಗ ವಿಮಾನ ಹತ್ತಲು ವೀಸಾ ಬೇಕು, ಟಿಕೆಟ್ ಬೇಕು, ಅಡವಿಡಲು ಚಿನ್ನ ಬೇಕು, ಅಲ್ಲಿ ಕರೆಸಿಕೊಳ್ಳಲು ಒಬ್ಬ ಮಾವನೋ ಕಾಕನೋ ಬೇಕು. ಇದೊಂದೂ ಇಲ್ಲದವನು ಊರಲ್ಲೇ ಅಡಿಕೆ ತೋಟದ ಕೂಲಿಗೆ ಹೋಗುತ್ತಾನೆ. ಅವನ ಮನೆಗೆ ಗಲ್ಫ್ ಹಣ ಬರುವುದು ಬೇರೆ ದಾರಿಯಲ್ಲಿ. ಗಲ್ಫ್‌ನವನು ಮನೆ ಕಟ್ಟಿಸಿದಾಗ ಕೆಂಪು ಕಲ್ಲು ಹೊರುವವನಿಗೆ ಕೂಲಿ ಸಿಗುತ್ತದೆ. "ದೊಡ್ಡ ಮನೆ ದುಂದು" ಎನ್ನುವವರು ಈ ಕೂಲಿಯನ್ನು ಲೆಕ್ಕ ಹಿಡಿಯುವುದಿಲ್ಲ.

ಇನ್ನೊಂದು ದಾರಿ ಅಂಗಡಿಯ ಸಾಲದ ಪುಸ್ತಕ. ಗಲ್ಫ್ ಮನೆಯವರು ತಿಂಗಳ ಬಾಕಿ ತೀರಿಸಿದರೆ ನಾವು ಹೋಲ್‌ಸೇಲ್‌ನವರಿಗೆ ಕೊಡಬಹುದು. ಅವರಿಗೆ ಕೊಟ್ಟರೆ ಹೊಸ ಮಾಲು ಬರುತ್ತದೆ. ಮಾಲು ಇದ್ದರೆ ಬೀಡಿ ಕಟ್ಟಿ ಬದುಕುವ ಮನೆಗೆ ಇನ್ನೊಂದು ವಾರ ಅಕ್ಕಿ ಸಾಲ ಕೊಡಬಹುದು. ಆ ಮನೆಯವರಿಗೆ ದುಬೈ ಯಾವ ದಿಕ್ಕಿನಲ್ಲಿದೆ ಎಂದೂ ಗೊತ್ತಿರಲಿಕ್ಕಿಲ್ಲ, ಆದರೆ ಅವರ ಗಂಜಿ ಅಲ್ಲಿನ ಸಂಬಳಕ್ಕೆ ಕಾಯುತ್ತದೆ.

ಈ ಹಣದ ದೊಡ್ಡ ಗುಣ ಅದರ ವೇಗ. ಎಂಡೋಸಲ್ಫಾನ್ ಪೀಡಿತ ಪಂಚಾಯತ್‌ಗಳಲ್ಲಿ ನಮ್ಮ ಬೆಳ್ಳೂರೂ ಒಂದು. ಸಂತ್ರಸ್ತರಿಗೆ ಮೂರು ತಿಂಗಳೊಳಗೆ ತಲಾ 5 ಲಕ್ಷ ರೂಪಾಯಿ ಕೊಡಿ ಎಂದು ಸುಪ್ರೀಂ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. 2022ರ ಮೇ ತಿಂಗಳಲ್ಲಿ ಅದೇ ಕೋರ್ಟು, 3,704 ಮಂದಿಯಲ್ಲಿ ಅದು ತಲುಪಿದ್ದು 8 ಮಂದಿಗೆ ಮಾತ್ರ ಎಂದು ರಾಜ್ಯವನ್ನು ತರಾಟೆಗೆ ತೆಗೆದುಕೊಂಡಿತು. ಶಾರ್ಜಾದಿಂದ ತಮ್ಮ ಕಳಿಸಿದ ಹಣ ಮಂಗಳೂರಿನ ಆಸ್ಪತ್ರೆಯ ಬಿಲ್ಲಿಗೆ ಒಂದೆರಡು ದಿನದಲ್ಲಿ ಬರುತ್ತದೆ. ಹಾಗೆಂದು ಸರಕಾರ ಕೈ ತೊಳೆದುಕೊಳ್ಳಬಾರದು. ತಮ್ಮ ಇದ್ದವನಿಗೆ ತಮ್ಮನಾದ. ತಮ್ಮನೇ ಇಲ್ಲದ ಉಮ್ಮ ಹಾಸಿಗೆ ಹಿಡಿದ ಮಗುವನ್ನು ನೋಡಿಕೊಳ್ಳುತ್ತಾ ಐದು ವರ್ಷ ಕಾಯಬೇಕೇ? ಪರಿಹಾರ ಅವಳ ಹಕ್ಕು, ದಾನ ಅಲ್ಲ.

ಹೊರಗಿರುವ ಸಹೋದರರಲ್ಲಿ ನನ್ನದು ಎರಡು ಮಾತು.

ಒಂದು, ರಂಝಾನಿನ ಕಿಟ್. ಕೊಡುವವರ ಮನಸ್ಸು ದೊಡ್ಡದು, ಅದರಲ್ಲಿ ಸಂಶಯವಿಲ್ಲ. ಆದರೆ ಒಂದೇ ವಾರದಲ್ಲಿ ಒಂದೇ ಮನೆಗೆ ಮೂರು ಕಡೆಯಿಂದ ಅಕ್ಕಿ ಬರುತ್ತದೆ, ಆಟಿ ತಿಂಗಳ ಮಳೆಯಲ್ಲಿ ಕೂಲಿ ಇಲ್ಲದಾಗ ಏನೂ ಇರುವುದಿಲ್ಲ. ಅದೇ ಸದಖದ ಹಣವನ್ನು ಹನ್ನೆರಡು ಪಾಲು ಮಾಡಿ ತಿಂಗಳು ತಿಂಗಳು ಅವರ ಬ್ಯಾಂಕ್ ಖಾತೆಗೆ ಹಾಕಿ. ಔಷಧವೋ, ಮಗುವಿನ ಬಸ್ಸಿನ ದುಡ್ಡೋ, ಅಂಗಡಿ ಬಾಕಿಯೋ ಅವರೇ ನಿರ್ಧರಿಸಲಿ. ಫೋಟೊ ತೆಗೆಯಲು ಯಾರೂ ಬಾಗಿಲಿಗೆ ಬರುವುದಿಲ್ಲ. ಮುಸ್ಲಿಮರಲ್ಲದ ನೆರೆಯವರ ಮನೆಯೂ ಈ ಪಟ್ಟಿಯಲ್ಲಿರಲಿ. ಎಂಡೋಸಲ್ಫಾನ್ ಜಾತಿ ನೋಡಿ ಬೀಳಲಿಲ್ಲ.

ಎರಡು, ಶುಲ್ಕ. ಮೆಕ್ಯಾನಿಕಲ್ ಡಿಪ್ಲೊಮಾದಲ್ಲಿ ನಮಗೆ ಮೊದಲು ಕಲಿಸಿದ್ದು, ಘರ್ಷಣೆಗೆ ಹೋಗುವ ಶಕ್ತಿ ಕೆಲಸಕ್ಕೆ ಸಿಗುವುದಿಲ್ಲ ಎಂದು. ಒಂದು ಸಲ ಕಳಿಸಲು 20 ದಿರ್ಹಂ ಎಂದಿಟ್ಟುಕೊಳ್ಳಿ. 5,000 ಕಳಿಸುವ ಮ್ಯಾನೇಜರ್‌ಗೆ ಅದು ನೂರಕ್ಕೆ ಅರ್ಧವೂ ಅಲ್ಲ. 500 ಕಳಿಸುವ ಸಫಾಯಿ ಕೆಲಸದವನಿಗೆ ನೂರಕ್ಕೆ ನಾಲ್ಕು. 2030ರೊಳಗೆ ಈ ಖರ್ಚನ್ನು ನೂರಕ್ಕೆ ಮೂರಕ್ಕಿಂತ ಕೆಳಗಿಳಿಸುವುದು ವಿಶ್ವಸಂಸ್ಥೆಯ ಗುರಿ. ಅಲ್ಲಿವರೆಗೆ ಒಂದೇ ಊರಿನ ಹತ್ತು ಮಂದಿ ಸದಖದ ಹಣ ಒಟ್ಟು ಮಾಡಿ, ಬ್ಯಾಂಕಿನ ನಿಯಮದಂತೆ ಒಂದೇ ಸಲ ಕಳಿಸಿದರೆ ಒಂಬತ್ತು ಶುಲ್ಕ ಉಳಿಯಿತು. ಮೇಲಿನ ಲೆಕ್ಕದಲ್ಲಿ ಅದು 180 ದಿರ್ಹಂ. ಇಲ್ಲಿ ಒಂದು ಬಡ ಮನೆಯ ತಿಂಗಳ ಅಕ್ಕಿ ಬೇಳೆಗೆ ಅಷ್ಟು ಸಾಕು.