ತಿಪಟೂರಿನ ಕಾರ್ಖಾನೆಗೆ ವಿಆರ್ ಕನ್ನಡಕ ಬೇಕೆ?

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಸೀಮೆಯಲ್ಲಿ ತೆಂಗಿನ ಕೆಲಸವನ್ನು ಪಕ್ಕದವರ ಕೈ ನೋಡಿಯೇ ಕಲಿಯುತ್ತಾರೆ. ಚಿಪ್ಪು ಬಿಡಿಸುವುದು, ಕಾಯಿಯ ಕಂದು ಸಿಪ್ಪೆ ಹೆರೆಯುವುದು ಹಾಗೆ ಬಂದೀತು. ಆದರೆ ಓಡುತ್ತಿರುವ ನಾರಿನ ಯಂತ್ರಕ್ಕೆ ಮಟ್ಟೆ ಹಾಕುವುದನ್ನು, ಬಾಯ್ಲರ್ ಒತ್ತಡ ಏರಿದಾಗ ಏನು ಮಾಡಬೇಕೆಂಬುದನ್ನು ಹಾಗೆ ಕಲಿಯಲು ಹೋದರೆ ಮೊದಲ ತಪ್ಪಿಗೇ ಕೈ ಹೋಗಬಹುದು, ಜೀವವೂ ಹೋಗಬಹುದು. ಕಣ್ಣೆದುರು ಕೃತಕ ದೃಶ್ಯವನ್ನೇ ಕಟ್ಟಿಕೊಡುವ ವಿಆರ್ ಕನ್ನಡಕದೊಳಗೆ ಹತ್ತು ಸಲ ತಪ್ಪಿದರೂ ಯಾರಿಗೂ ಗಾಯವಿಲ್ಲ. ನನ್ನ ಮಟ್ಟಿಗೆ ಈ ತಂತ್ರದ ಪರವಾಗಿ ಇದಕ್ಕಿಂತ ದೊಡ್ಡ ಮಾತಿಲ್ಲ.

ಎದುರಿನ ದೃಶ್ಯದ ಮೇಲೆಯೇ ಸೂಚನೆ ಮೂಡಿಸುವ ಎಆರ್ ಬೆಳೆದದ್ದೂ ಕಾರ್ಖಾನೆಯ ಅಗತ್ಯದಿಂದಲೇ. 1990ರ ದಶಕದ ಆರಂಭದಲ್ಲಿ ಬೋಯಿಂಗ್ ಕಂಪನಿಯ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಝೆಲ್, ವಿಮಾನದ ವೈರುಗಳನ್ನು ಜೋಡಿಸುವವರಿಗಾಗಿ ಇದನ್ನು ಯೋಚಿಸಿದರು. ನಮ್ಮ ಪಕ್ಕದ ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಘಟಕದಂಥ ಕಡೆಗೆ ಅದು ಸರಿಹೊಂದುವ ಸಾಧನ.

ಕಾಯಿಪುಡಿ ಕಾರ್ಖಾನೆಯ ಲೆಕ್ಕ ಬೇರೆ. ಹೆರೆದಷ್ಟು ಕಾಯಿಗೆ ಕೂಲಿ ಪಡೆಯುವ ಹೆಣ್ಣುಮಗಳಿಗೆ ಕನ್ನಡಕ ಹಾಕಿ ಕೂತ ಒಂದು ಗಂಟೆ ಅಂದರೆ ಕೈತಪ್ಪಿದ ಒಂದು ಗಂಟೆಯ ದುಡಿಮೆ. ಬೆವರು, ಹಬೆಗೆ ಗಾಜು ಮಂಜಾಗುತ್ತದೆ. ಕೆಲವರಿಗೆ ತಲೆಸುತ್ತು, ವಾಕರಿಕೆ. ಸಾಲ ಮಾಡಿ ಕೊಂಡ ಉಪಕರಣವನ್ನು ತಯಾರಿಸಿದವರೇ ಕೈಬಿಟ್ಟರೆ? ಇಂಥದೇ ಕನ್ನಡಕಗಳಲ್ಲಿ ಗೂಗಲ್ ತನ್ನ ಗ್ಲಾಸ್ ಮಾರಾಟವನ್ನು 2023ರಲ್ಲಿ ನಿಲ್ಲಿಸಿತು, ಮೈಕ್ರೋಸಾಫ್ಟ್ ತನ್ನ ಹೋಲೋಲೆನ್ಸ್ ತಯಾರಿಕೆಯನ್ನು 2024ರಲ್ಲಿ. ಸಣ್ಣ ಮಾಲೀಕರು ಹಿಂಜರಿಯುವುದರಲ್ಲಿ ತಪ್ಪೇನಿದೆ?

ಉಂಡೆ ಕೊಬ್ಬರಿಯ ಕೆಲಸವಂತೂ ಕಣ್ಣಿಗಿಂತ ಕಿವಿಗೆ, ಕೈಗೆ ಸೇರಿದ್ದು. ಹೆಚ್ಚುಕಡಿಮೆ ವರ್ಷದಷ್ಟು ಕಾಲ ಅಟ್ಟದ ಮೇಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ಒಳಗೆ ನೀರಿನ ಸದ್ದಿರಬಾರದು, ಚಿಪ್ಪು ಬಿಟ್ಟ ಕೊಬ್ಬರಿ ಗಟ್ಟಿಯಾಗಿ ಬಡಿಯಬೇಕು. ಆಮೇಲೆ ಚಿಪ್ಪಷ್ಟೇ ಒಡೆಯುವಂತೆ ಪೆಟ್ಟು ಹಾಕಬೇಕು. ಹೆಚ್ಚಾದರೆ ಉಂಡೆ ಹೋಳಾಗಿ ಬೆಲೆ ಬೀಳುತ್ತದೆ. ಆ ಪೆಟ್ಟಿನ ಹದವನ್ನು ಯಾವ ಕನ್ನಡಕವೂ ಕಲಿಸಲಾರದು.

ಹಾಗಾಗಿ ಕೈಕೆಲಸವನ್ನು ಹಿರಿಯರಿಗೇ ಬಿಡೋಣ, ಅಪಾಯದ ಪಾಠವನ್ನು ಮಾತ್ರ ಕನ್ನಡಕಕ್ಕೆ ಕೊಡೋಣ. ಅದನ್ನೂ ಪ್ರತಿ ಕಾರ್ಖಾನೆ ಕೊಳ್ಳಬೇಕಿಲ್ಲ. 2022ರಲ್ಲಿ ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಹೊಸ ತಂತ್ರಜ್ಞಾನಕ್ಕೆ ತಕ್ಕಂತೆ ಮೇಲ್ದರ್ಜೆಗೇರಿಸಿದ ಸರ್ಕಾರ, ಈ ಮೂರು ತಾಲ್ಲೂಕಿಗೆ ಸೇರಿ ಒಂದು ಕಡೆ ಕನ್ನಡದಲ್ಲೇ ಪಾಠ ಹೇಳುವ ವ್ಯವಸ್ಥೆ ಮಾಡಲಿ. ಕಲಿಯುವ ಹೊತ್ತಿನ ಕೂಲಿಯನ್ನು ಮಾಲೀಕರು ಕೊಡಲಿ.