ಡಬ್ಬಿಯ ಜಿರಳೆ, ಒಡೆದ ಗುಹೆ

ಒಂದು ಜಿರಳೆಗಾಗಿ ಇಷ್ಟು ಗಲಾಟೆಯೇ ಎಂದು ಕೆಲವರು ನಗಬಹುದು. ನಗಲಿ, ಲೆಕ್ಕ ಕೇಳಿದ ಮೇಲೆ ನಗಲಿ.

ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ ಸಿಮಾಂಡೂ ಎಂಬ ಬೆಟ್ಟಸಾಲಿದೆ. ಅದರ ಹೊಟ್ಟೆಯ ತುಂಬ ಕಬ್ಬಿಣದ ಅದಿರು. ಅಲ್ಲಿನ ಒಂದು ಗುಹೆಯಲ್ಲಿ, ಬಾವಲಿಗಳ ಹಿಕ್ಕೆಯ ರಾಶಿಯನ್ನೇ ನಂಬಿ ಬದುಕಿದ್ದ ಜಿರಳೆಗೆ 2004ರಲ್ಲಿ ರಾತ್ ಮತ್ತು ನಸ್ಕ್ರೆಟ್ಸ್ಕಿ ಎಂಬ ವಿಜ್ಞಾನಿಗಳು ಹೆಸರಿಟ್ಟರು. ಆ ಬಳಿಕ ಗಣಿಗಾರಿಕೆ ಗುಹೆಯನ್ನೇ ನುಂಗಿತು.

ಈಗ ಆ ಹುಳು ಕೀಟ ಸಾಕುವ ಹವ್ಯಾಸಿಗಳ ಡಬ್ಬಿಗಳಲ್ಲಿ ವಂಶ ಬೆಳೆಸುತ್ತಿದೆ. "ಹೋದದ್ದು ಸಿಕ್ಕಿತಲ್ಲ" ಎಂದು ಸಮಾಧಾನ ಹೇಳುವವರಿದ್ದಾರೆ. ನಾವು ಕೇಳುತ್ತೇವೆ: ಗಿರಣಿಗೆ ಬೀಗ ಜಡಿದು ಕಾರ್ಮಿಕನಿಗೆ ಗಂಜಿ ಹಾಕಿದರೆ ಅದು ಉದ್ಧಾರವೇ? ಹುಳುವನ್ನು ಮತ್ತೆ ಬಿಡೋಣವೆಂದರೆ ಗುಹೆ ಎಲ್ಲಿದೆ? ಸಾಕಿದವರ ಮೇಲೆ ನಮ್ಮ ದೂರಿಲ್ಲ. ಮನೆ ಒಡೆದವರ ಮೇಲೆ ಇದೆ.

ಇದು ದೂರದೇಶದ ಮಾತಲ್ಲ. ಕೋಲಾರದ ಹನುಮನಹಳ್ಳಿಯ ಗುಹೆಯನ್ನು ಆಶ್ರಯಿಸಿರುವ ಅಪರೂಪದ ಎಲೆಮೂಗಿನ ಬಾವಲಿಗೂ ಕಲ್ಲುಗಣಿಯೇ ಕಂಟಕ. ಗುಹೆ ಒಡೆದರೆ ಬಾವಲಿ ಹೋಗುತ್ತದೆ. ಬಾವಲಿ ಹೋದರೆ ಹಿಕ್ಕೆ ಇಲ್ಲ. ಕತ್ತಲೆಯ ಜೀವಿಗಳಿಗೆ ಆ ಹಿಕ್ಕೆಯೇ ದಿನಸಿ ಅಂಗಡಿ. ಅಂಗಡಿ ಮುಚ್ಚಿದರೆ, ಯಾರೂ ಇನ್ನೂ ಹೆಸರಿಡದ ಹುಳುಗಳೂ ಹೇಳದೆ ಕೇಳದೆ ಅಳಿಯುತ್ತವೆ.

ನಮ್ಮ ಬೇಡಿಕೆ ದೊಡ್ಡದಲ್ಲ. ಗಣಿಗೆ ಪರವಾನಗಿ ಬರೆಯುವ ಮೊದಲು ದೀಪ ಹಿಡಿದು ಗುಹೆಯೊಳಗೆ ಹೋಗಿ ನೋಡಿರಿ. ಇರುವುದನ್ನು ಎಣಿಸಿ ಊರವರ ಮುಂದೆ ಓದಿ ಹೇಳಿರಿ. ಲಾಭ ಒಬ್ಬನಿಗೆ, ನಷ್ಟ ಎಲ್ಲರಿಗೆ ಎಂಬ ಹಳೆಯ ಲೆಕ್ಕಕ್ಕೆ ನಾವು ಸಹಿ ಹಾಕುವುದಿಲ್ಲ.